ಹಕ್ಕಿನ ಕಾನೂನನ್ನು ನಾವೇ ಓದಬೇಕು

(ಬಂಕಾಪುರದಲ್ಲಿ ವಿದ್ಯಾರ್ಥಿಗಳ ಮತ್ತು ಹಾಸ್ಟೆಲ್ ಯುವಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಭೆ ಕರೆದ ಹುಡುಗರು ನನಗೆ ಒಂದು ಚೀಟಿ ಕೊಟ್ಟಿದ್ದಾರೆ. ‘ವಿಶ್ವವಿದ್ಯಾಲಯದಲ್ಲಿ ಮಾನವ ಹಕ್ಕು ಮತ್ತು ನಾಗರಿಕ ಸ್ವಾತಂತ್ರ್ಯದ ಕಾನೂನು ಓದುವುದು’ ಅಂತ ಅದರಲ್ಲಿ ವಿಷಯ ಬರೆದಿದೆ. ಹೆಸರು ದೊಡ್ಡದು. ಆದರೆ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ ಸಣ್ಣದು, ಅದು ನನಗೂ ಗೊತ್ತು: ‘ಅದನ್ನ ಓದಿದ್ರ ಏನ್ ಸಿಗತೈತ್ರಿ?’ ಬಿ.ಎ. ಮುಗಿಸಿದವನಿಗೆ ಬಿ.ಇಡಿ. ಇದೆ, ಪೊಲೀಸ್ ಭರ್ತಿ ಇದೆ, ಪಿ.ಡಿ.ಓ. ಪರೀಕ್ಷೆ ಇದೆ. ಮನೆಯಲ್ಲಿ ಅವ್ವ ಕೂಲಿಗೆ ಹೋಗುತ್ತಾಳೆ, ಅಪ್ಪನಿಗೆ ಕೆಮ್ಮು. ಇನ್ನೂ ಮೂರು ವರ್ಷ ಓದತೇನಿ ಅಂದರೆ ಯಾರು ಕೇಳುತ್ತಾರೆ? ಈ ಪ್ರಶ್ನೆ ತಪ್ಪಲ್ಲ. ಇದನ್ನು ಪಕ್ಕಕ್ಕಿಟ್ಟು ಬರೀ ಕ್ರಾಂತಿಯ ಮಾತಾಡುವವರನ್ನು ನಂಬಬೇಡಿ. ಇದಕ್ಕೆ ಉತ್ತರ ಕೊಡತೇನಿ, ಆದರೆ ಮೊದಲು ಬ್ಯಾರೆ ಒಂದು ಮಾತು ಹೇಳಬೇಕು.

ಬಂಕಾಪುರಕ್ಕೆ ಯಾರಾದರೂ ಹೊರಗಿನವರು ಬಂದರೆ ನಾವು ಏನು ತೋರಿಸುತ್ತೇವೆ? ಕೋಟೆ ತೋರಿಸುತ್ತೇವೆ. ಕೋಟೆಯೊಳಗಿನ ಅರವತ್ತು ಕಂಬದ ಗುಡಿ ತೋರಿಸುತ್ತೇವೆ. ನವಿಲು ತೋರಿಸುತ್ತೇವೆ. ಬಂಕೆಯ ಎಂಬ ದಂಡನಾಯಕನ ಹೆಸರಿನಿಂದ ಊರಿಗೆ ಈ ಹೆಸರು ಬಂತು ಅಂತ ಹೇಳುತ್ತೇವೆ. ಕನಕದಾಸರ ಬಾಡ ಇಲ್ಲೇ ಹತ್ತಿರ ಅಂತಲೂ ಹೇಳುತ್ತೇವೆ. ಎಲ್ಲಾ ಖರೆ. ಆದರೆ ಮಗ್ಗುಲಲ್ಲೇ ಇರುವ ಸವಣೂರಿನ ಒಂದು ಸಂಗತಿ ಯಾವ ಪ್ರವಾಸಿ ಪುಸ್ತಕದಲ್ಲೂ ಬರುವುದಿಲ್ಲ.

ಸವಣೂರು ಅಂದರೆ ಜನ ಖಾರ ಅಂತಾರೆ, ಎಲಿ ಅಂತಾರೆ, ನವಾಬರ ಊರು ಅಂತಾರೆ, ಗೋಕಾಕರು ಹುಟ್ಟಿದ ಊರು ಅಂತಾರೆ. 2010ರ ಜುಲೈ ತಿಂಗಳಲ್ಲಿ ಅದೇ ಊರಿನ ಪುರಸಭೆ ಕಚೇರಿಯ ಎದುರು ಭಂಗಿ ಸಮಾಜದ ಜನ ಮನುಷ್ಯರ ಮಲವನ್ನು ತಮ್ಮ ಮೈಮೇಲೆ ತಾವೇ ಸುರಿದುಕೊಂಡರು. ತಲೆಮಾರುಗಳ ಕಾಲ ಊರಿನ ಹೊಲಸು ಹೊತ್ತವರು ಅವರು. ಇದ್ದ ಜಾಗದಿಂದ ಅವರನ್ನು ಎಬ್ಬಿಸುವ ಮಾತು ಬಂದಿತ್ತು, ಅಲ್ಲಿ ವಾಣಿಜ್ಯ ಮಳಿಗೆ ಕಟ್ಟಬೇಕಂತೆ. ನೀರಿಗೂ ತೊಂದರೆ ಮಾಡಿದರು. ಮನವಿ ಕೊಟ್ಟರು, ಕೇಳುವವರಿಲ್ಲ. ಆಗ ಅವರಿಗೆ ಗೊತ್ತಿದ್ದ ಒಂದೇ ವಸ್ತುವನ್ನು ಅವರು ಕೈಗೆತ್ತಿಕೊಂಡರು. ಅದುವರೆಗೂ ಅದನ್ನು ತಲೆಮೇಲೆ ಹೊತ್ತಾಗ ಯಾರಿಗೂ ವಾಸನೆ ಬಂದಿರಲಿಲ್ಲ. ಮೈಮೇಲೆ ಸುರಿದುಕೊಂಡಾಗ ನಾಡಿಗೆಲ್ಲ ವಾಸನೆ ಬಂತು. ಪತ್ರಿಕೆಯವರು ಬಂದರು, ಟಿ.ವಿ.ಯವರು ಬಂದರು, ಅಧಿಕಾರಿಗಳೂ ಬಂದರು.

ಈಗ ಕಾನೂನು ಏನು ಹೇಳುತ್ತಿತ್ತು ನೋಡ್ರಿ. ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದವರು ಬಿ. ಬಸವಲಿಂಗಪ್ಪನವರು, ದೇವರಾಜ ಅರಸರ ಸಂಪುಟದ ಮಂತ್ರಿ, 1970ರ ದಶಕದ ಮೊದಲಲ್ಲಿ. ಅವರೂ ವಕೀಲರೇ. 1973ರಲ್ಲಿ ‘ಬೂಸಾ’ ಎಂಬ ಒಂದು ಮಾತಿಗೆ ಅವರ ಮಂತ್ರಿಗಿರಿ ಹೋಯಿತು, ಆ ಗಲಾಟೆಯಲ್ಲಿ ಹಾಸ್ಟೆಲ್ ಹುಡುಗರು ಏಟು ತಿಂದರು. ಅದು ನಮ್ಮ ಚಳವಳಿಯ ಕತೆ, ನಿಮಗೆ ಗೊತ್ತಿರಬೇಕು. ಮುಂದೆ 1993ರಲ್ಲಿ ಪಾರ್ಲಿಮೆಂಟು ಮಲ ಹೊರಿಸುವುದನ್ನು ನಿಷೇಧಿಸಿ ಕಾಯ್ದೆ ಮಾಡಿತು. ಆ ಕಾಯ್ದೆ ಮೊದಲು ಅನ್ವಯಿಸಿದ್ದು ಆರೇ ರಾಜ್ಯಗಳಿಗೆ, ಅದರಲ್ಲಿ ಕರ್ನಾಟಕ ಒಂದು. 1997ರ ಜನವರಿ 26ಕ್ಕೆ ಜಾರಿಗೆ ಬಂತು. ಅಂದರೆ ಕಾಗದದ ಮೇಲೆ ಈ ಹೊಲಸು ಕೆಲಸ ನಿಂತು 13 ವರ್ಷ ಆದ ಮೇಲೆ ಸವಣೂರಿನಲ್ಲಿ ಇದು ನಡೆಯಿತು. ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ತೆರೆದದ್ದು 2008ರ ಜುಲೈ 4ಕ್ಕೆ. ಅಂದರೆ ಹೈಕೋರ್ಟೂ ಬೆಂಗಳೂರಿನಷ್ಟು ದೂರ ಇರಲಿಲ್ಲ, ಬಸ್ಸಿನ ದಾರಿಯಲ್ಲೇ ಇತ್ತು.

ಕಾನೂನು ಇತ್ತು. ಕೋರ್ಟು ಇತ್ತು. ಅನ್ಯಾಯವೂ ಇತ್ತು. ಈ ಮೂರನ್ನು ಕೂಡಿಸಬೇಕಾದ ಕೈ ಎಲ್ಲಿತ್ತು? ಪುರಸಭೆಗೆ ಕೊಟ್ಟ ಮನವಿ ಪತ್ರವನ್ನೇ ಒಂದು ರಿಟ್ ಅರ್ಜಿಯಾಗಿ ತಿದ್ದಿ ಬರೆದು ಧಾರವಾಡಕ್ಕೆ ಒಯ್ಯುವ ಮಂದಿ ನಮ್ಮ ಕೇರಿಗಳಲ್ಲಿ ಎಷ್ಟಿದ್ದರು? ಆ ಜನ ಮಾಡಿದ ಪ್ರತಿಭಟನೆಯನ್ನು ನಾನು ತಪ್ಪು ಅನ್ನುವುದಿಲ್ಲ. ಮನವಿ ಮಾಡದ ಕೆಲಸವನ್ನು ಅದು ಮಾಡಿತು. ಆದರೆ ಮನುಷ್ಯ ತನ್ನ ಮನೆ ಉಳಿಸಿಕೊಳ್ಳಲು ಮೈಮೇಲೆ ಹೊಲಸು ಸುರಿದುಕೊಳ್ಳುವಂಥ ಗತಿ ಬರಬಾರದಿತ್ತು.

ಸವಣೂರಿನ ಮೂರು ವರ್ಷದ ನಂತರ 2013ರಲ್ಲಿ ಹೊಸ ಕಾಯ್ದೆ ಬಂತು, ಪುನರ್ವಸತಿಯ ಮಾತೂ ಅದರಲ್ಲಿ ಸೇರಿತು. 2014ರಲ್ಲಿ ಸುಪ್ರೀಂ ಕೋರ್ಟು ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ಕೊಡಬೇಕೆಂದಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. 2016ರ ಜನವರಿ 26ರಿಂದ, ಪರಿಶಿಷ್ಟರಿಂದ ಮಲ ಹೊರಿಸುವುದು ದೌರ್ಜನ್ಯ ತಡೆ ಕಾಯ್ದೆಯಲ್ಲೇ ಅಪರಾಧ. ಇಷ್ಟನ್ನೂ ಸಾಧಿಸಿದವರು ಬೀದಿಯಲ್ಲಿ ಕೂತವರು ಮತ್ತು ಕೋರ್ಟಿನಲ್ಲಿ ನಿಂತವರು, ಇಬ್ಬರೂ ಕೂಡಿ.

ಇನ್ನು ಚೀಟಿಯಲ್ಲಿರುವ ವಿಷಯಕ್ಕೆ ಬರತೇನಿ. ನಾಗರಿಕ ಸ್ವಾತಂತ್ರ್ಯ ಅಂತ ಕಾಲೇಜಿನಲ್ಲಿ ಪಾಠ ಮಾಡುವಾಗ ಇಂಗ್ಲೆಂಡಿನ ದೊರೆ ಮತ್ತು ಮ್ಯಾಗ್ನಾ ಕಾರ್ಟಾದಿಂದ ಸುರು ಮಾಡುತ್ತಾರೆ. ಫ್ರಾನ್ಸು, ಅಮೆರಿಕ ಬರುತ್ತವೆ. 1948ರ ವಿಶ್ವಸಂಸ್ಥೆಯ ಘೋಷಣೆ ಬರುತ್ತದೆ. ನಮ್ಮಲ್ಲಿ ತುರ್ತು ಪರಿಸ್ಥಿತಿ ಬರುತ್ತದೆ, 1976ರಲ್ಲಿ ಬಂಧನದಲ್ಲಿದ್ದವರಿಗೆ ಕೋರ್ಟಿನ ಬಾಗಿಲು ಮುಚ್ಚಿದ ತೀರ್ಪು, ಅದರಲ್ಲಿ ಒಬ್ಬರೇ ಭಿನ್ನವಾಗಿ ನಿಂತ ನ್ಯಾಯಮೂರ್ತಿ ಎಚ್.ಆರ್. ಖನ್ನಾ, ಇವೆಲ್ಲ ಬರುತ್ತವೆ. ಆ ತಪ್ಪು ತೀರ್ಪನ್ನು ಸುಪ್ರೀಂ ಕೋರ್ಟು ಕಿತ್ತುಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಪುಟ್ಟಸ್ವಾಮಿಯವರು ಹಾಕಿದ ಖಟ್ಲೆಯಲ್ಲಿ. ಇವನ್ನೆಲ್ಲ ಓದ್ರಿ. ಪೊಲೀಸರು ಹಿಡಿದೊಯ್ದರೆ 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎನ್ನುವುದು ನಮ್ಮ ಕೇರಿಯ ಹುಡುಗನಿಗೆ ಗೊತ್ತಿರಬೇಕಾದ ಮೊದಲ ಪಾಠ, ಯಾಕಂದ್ರ ಕಳವಾದಾಗ ಮೊದಲು ಹುಡುಕುವುದು ನಮ್ಮ ಓಣಿಯನ್ನು.

ಆದರೆ ಈ ಪಾಠದಲ್ಲಿ ಒಂದು ಕೊರತೆ ಇದೆ. ಅಲ್ಲಿ ಹಕ್ಕು ಕಸಿಯುವವನು ಯಾವಾಗಲೂ ಸರ್ಕಾರ. ದೊರೆ, ಪೊಲೀಸ್, ಸೈನ್ಯ. ನಮ್ಮ ಊರಿನಲ್ಲಿ ಬಾವಿಯ ಕಟ್ಟೆಯ ಮೇಲೆ ನಿಂತವನು ದೊರೆಯೇ? ಹೊಟೇಲಿನಲ್ಲಿ ಬ್ಯಾರೆ ಲೋಟ ಇಟ್ಟವನು ಪೊಲೀಸನೇ? ಕ್ಷೌರದಂಗಡಿಯ ಬಾಗಿಲು ಹಾಕಿದವನು ಸೈನಿಕನೇ? ಇವರೆಲ್ಲ ನಮ್ಮ ನೆರೆಹೊರೆಯವರು. ನಮ್ಮ ಸ್ವಾತಂತ್ರ್ಯ ಕಸಿಯುವುದಕ್ಕೆ ಇವರಿಗೆ ಸರ್ಕಾರದ ಹುಕುಂ ಬೇಕಾಗಿಲ್ಲ, ಊರಿನ ರೂಢಿಯೇ ಸಾಕು. ಬಾಬಾಸಾಹೇಬರಿಗೆ ಇದು ಗೊತ್ತಿತ್ತು. ಅದಕ್ಕೇ ಸಂವಿಧಾನದ 17ನೇ ವಿಧಿ ಸರ್ಕಾರಕ್ಕಷ್ಟೇ ಅಲ್ಲ, ಪ್ರತಿಯೊಬ್ಬ ಮನುಷ್ಯನಿಗೂ ಅನ್ವಯಿಸುತ್ತದೆ. 15ನೇ ವಿಧಿಯ ಎರಡನೇ ಭಾಗದಲ್ಲಿ ಅಂಗಡಿ, ಹೊಟೇಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದಾಗಿ ಹೆಸರಿಟ್ಟು ಬರೆದಿದ್ದಾರೆ. ಬ್ಯಾರೆ ದೇಶದವರಿಗೆ ಇದು ವಿಚಿತ್ರ ಅನ್ನಿಸಬಹುದು. ಸಂವಿಧಾನದಲ್ಲಿ ಬಾವಿ ಯಾಕೆ? ಯಾಕಂದರೆ ಬರೆದವನು ಆ ಬಾವಿಯಿಂದ ಹೊರಗಿದ್ದವನು.

ಇನ್ನೊಂದು ತಾರೀಖು ಬರೆದುಕೊಳ್ಳಿ. ಅಸ್ಪೃಶ್ಯತೆಯನ್ನು ರದ್ದು ಮಾಡುವ ಕಲಮನ್ನು ಸಂವಿಧಾನ ಸಭೆ ಒಪ್ಪಿದ್ದು 1948ರ ನವೆಂಬರ್ 29. ಮಾನವ ಹಕ್ಕುಗಳ ಜಾಗತಿಕ ಘೋಷಣೆಯನ್ನು ವಿಶ್ವಸಂಸ್ಥೆ ಒಪ್ಪಿದ್ದು ಅದೇ ವರ್ಷ ಡಿಸೆಂಬರ್ 10. ಹನ್ನೊಂದು ದಿನ ನಾವೇ ಮುಂದು. ಮಾನವ ಹಕ್ಕಿನ ಪಾಠವನ್ನು ಪ್ಯಾರಿಸ್ಸಿನಿಂದ ಸುರು ಮಾಡುವ ಮೇಷ್ಟ್ರಿಗೆ, ಮಹಾಡದಿಂದ ಯಾಕೆ ಸುರು ಮಾಡಬಾರದು ಅಂತ ಎದ್ದುನಿಂತು ಕೇಳ್ರಿ.

ಮಹಾಡದ ಕೆರೆ ನೀರನ್ನು ಬಾಬಾಸಾಹೇಬರು ಮುಟ್ಟಿದ್ದು 1927ರ ಮಾರ್ಚ್ 20. ಅದು ಎಲ್ಲರಿಗೂ ಗೊತ್ತು, ನಮ್ಮ ಹಾಡುಗಳಲ್ಲಿ ಬರುತ್ತದೆ. ಆಮೇಲಿನ ಹತ್ತು ವರ್ಷದ ಸುದ್ದಿ ಹಾಡುಗಳಲ್ಲಿ ಬರುವುದಿಲ್ಲ. ಸವರ್ಣೀಯರು ಕೋರ್ಟಿಗೆ ಹೋದರು. ಡಿಸೆಂಬರಿನಲ್ಲಿ ಎರಡನೇ ಸಲ ಸತ್ಯಾಗ್ರಹಕ್ಕೆ ಸಾವಿರಾರು ಜನ ಬಂದು ಕೂತಾಗ ಅವರ ಕೈಯಲ್ಲಿ ತಡೆಯಾಜ್ಞೆ ಇತ್ತು. ಬಾಬಾಸಾಹೇಬರು ಆ ಸಲ ಜನರನ್ನು ಕೆರೆಗಿಳಿಸಲಿಲ್ಲ, ಖಟ್ಲೆ ನಡೆಸಿದರು. ಕೆಳಗಿನ ಕೋರ್ಟು, ಮೇಲಿನ ಕೋರ್ಟು, ಕೊನೆಗೆ ಬೊಂಬಾಯಿ ಹೈಕೋರ್ಟು. 1937ರ ಮಾರ್ಚ್ 17ಕ್ಕೆ ತೀರ್ಪು ನಮ್ಮ ಕಡೆ ಆಯಿತು. ಆಗ ಧಾರವಾಡ ಜಿಲ್ಲೆಯೂ ಬೊಂಬಾಯಿ ಪ್ರಾಂತದಲ್ಲೇ ಇತ್ತು, ಬಂಕಾಪುರಕ್ಕೂ ಅದೇ ಹೈಕೋರ್ಟು.

ಯಾವ ಮಾತಿನ ಮೇಲೆ ಗೆದ್ದರು ಅನ್ನುವುದು ಮುಖ್ಯ. ಅಸ್ಪೃಶ್ಯತೆ ಕೆಟ್ಟದ್ದು ಎಂಬ ಮಾತಿನ ಮೇಲೆ ಗೆಲ್ಲಲಿಲ್ಲ, ಆಗ ಅಂಥ ಕಾನೂನೇ ಇರಲಿಲ್ಲ. ‘ಇದು ಅನಾದಿ ಕಾಲದ ರೂಢಿ’ ಅಂತ ಎದುರಿನವರು ಹೇಳಿದರು. ಅನಾದಿ ಎಂಬುದನ್ನು ಸಾಬೀತು ಮಾಡಿ ಅಂದರೆ ಅವರಿಂದ ಆಗಲಿಲ್ಲ. ಅಷ್ಟೇ. ರೂಢಿಗೆ ಸಾಕ್ಷಿ ಕೇಳಿದ ಕೂಡಲೇ ರೂಢಿ ಬಿದ್ದುಹೋಯಿತು.

ಅದಕ್ಕೇ ನನ್ನ ಅಭಿಪ್ರಾಯ ಹೇಳತೇನಿ, ಕೆಲವು ಪ್ರೊಫೆಸರರಿಗೆ ಸಿಟ್ಟು ಬರಬಹುದು. ‘ಮಾನವ ಹಕ್ಕು’ ಎಂಬ ಹೆಸರಿನ ಪೇಪರನ್ನು ಓದಿದರೆ ಮಾನವ ಹಕ್ಕಿನ ವಕೀಲ ಆಗುವುದಿಲ್ಲ. ಆ ಪೇಪರು ನಿಮಗೆ ಮಾತು ಕೊಡುತ್ತದೆ. ಖಟ್ಲೆ ಗೆಲ್ಲಿಸುವುದು ಸಾಕ್ಷ್ಯದ ಕಾನೂನು ಮತ್ತು ದಂಡ ಪ್ರಕ್ರಿಯೆಯ ಕಾನೂನು. ನಮ್ಮ ಹುಡುಗರು ಸಂವಿಧಾನದಲ್ಲಿ ಒಳ್ಳೇ ನಂಬರು ತಗೀತಾರೆ, ಪ್ರೊಸೀಜರಿನಲ್ಲಿ ಪಾಸಾದರೆ ಸಾಕು ಅಂತಾರೆ. ಉಲ್ಟಾ ಆಗಬೇಕು. ನಮ್ಮ ಜನರ ಖಟ್ಲೆಗಳು ಎಲ್ಲಿ ಸಾಯುತ್ತವೆ ನೋಡಿದರೆ ನಿಮಗೇ ತಿಳಿಯುತ್ತದೆ.

ಮೊದಲು ಸಾಯುವುದು ಠಾಣೆಯಲ್ಲಿ. ಫಿರ್ಯಾದಿ ಕೊಡಲು ಹೋದವರ ಜೊತೆ ನಾನು ಒಂದು ಠಾಣೆಗೆ ಹೋಗಿದ್ದೆ. ಬರೆದುಕೊಳ್ಳುವವ ಒಳ್ಳೇ ಮಾತಿನಲ್ಲೇ ಹೇಳಿದ: ‘ಜಾತಿ ಹೆಸರೆಲ್ಲ ಯಾಕ್ರಿ, ಬರೇ ಬೈದಾಡಿದ್ರು ಅಂತ ಬರಕೊಡ್ರಿ, ನಾಳೆ ಊರಾಗ ಇರಾವ್ರು ನೀವs ಅಲ್ಲೇನು?’ ಆ ಒಂದು ಮಾತು ಬಿಟ್ಟರೆ ಕಾಯ್ದೆಯೇ ಬಿಟ್ಟಂತೆ. ಬೈದ ಶಬ್ದ ಏನು, ಅದು ಎಲ್ಲಿ ಆಯಿತು, ಸುತ್ತ ಯಾರು ನಿಂತಿದ್ದರು, ಇಷ್ಟೂ ಫಿರ್ಯಾದಿಯಲ್ಲಿ ಇರಬೇಕು. ಜಾತಿನಿಂದನೆ ನಾಲ್ಕು ಗೋಡೆಯೊಳಗೆ ಆಗಿ ಹೊರಗಿನವರು ಯಾರೂ ಕಾಣದಿದ್ದರೆ ಆ ಕಲಂ ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಬೈದ ಜಾಗ ಅಂಗಳವೋ ಪಡಸಾಲೆಯೋ ಎನ್ನುವುದರ ಮೇಲೆ ಖಟ್ಲೆ ನಿಂತಿರುತ್ತದೆ, ನಮ್ಮವರಿಗೆ ಅದನ್ನು ಹೇಳುವವರಿಲ್ಲ. ಗಂಭೀರ ಅಪರಾಧದ ಸುದ್ದಿ ಕೊಟ್ಟರೆ ಎಫ್.ಐ.ಆರ್. ಹಾಕಲೇಬೇಕು ಅಂತ 2013ರ ಲಲಿತಾಕುಮಾರಿ ತೀರ್ಪು ಇದೆ. ಅದರ ನಕಲು ಫುಕಟ್ಟಾಗಿ ಕೊಡಬೇಕು. ಹಾಕದಿದ್ದರೆ ಎಸ್.ಪಿ.ಗೆ ಅಂಚೆಯಲ್ಲಿ ಕಳಿಸಬಹುದು. 2024ರ ಜುಲೈ 1ರಿಂದ ಹಳೇ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಹಳೇ 154 ಅಂತಿದ್ದದ್ದು ಈಗ 173. ನಂಬರು ಬದಲಾಗಿದೆ, ಹಕ್ಕು ಹಾಗೇ ಇದೆ.

ಎರಡನೇದು ತನಿಖೆ. ದೌರ್ಜನ್ಯ ಕಾಯ್ದೆಯ ನಿಯಮದ ಪ್ರಕಾರ ಡಿ.ವೈ.ಎಸ್.ಪಿ.ಗಿಂತ ಕೆಳಗಿನವರು ತನಿಖೆ ಮಾಡಬಾರದು. ಕೆಳಗಿನವನು ಮಾಡಿದರೆ, ಜಾತಿ ಪ್ರಮಾಣಪತ್ರ ಕಡತಕ್ಕೆ ಸೇರದಿದ್ದರೆ, ಪಂಚನಾಮೆಗೆ ಎದುರು ಪಕ್ಷದವರನ್ನೇ ಪಂಚರನ್ನಾಗಿ ಕೂಡಿಸಿದರೆ, ಹತ್ತು ವರ್ಷದ ನಂತರ ಅವರ ವಕೀಲ ಎದ್ದುನಿಂತು ಅದನ್ನೇ ಹಿಡಿದು ಜಗ್ಗುತ್ತಾನೆ. ಆಗ ನಮ್ಮ ಸಂಕಟದ ಮಾತು ಯಾವ ಕೆಲಸಕ್ಕೂ ಬರುವುದಿಲ್ಲ. ಮೂರನೇದು ಪ್ರತಿ ಕೇಸು: ನಮ್ಮ ಫಿರ್ಯಾದಿ ಆದ ಮಾರನೇ ದಿನ ನಮ್ಮ ಹುಡುಗರ ಮೇಲೆ ಕಳ್ಳತನದ್ದೋ ಹಲ್ಲೆಯದ್ದೋ ಒಂದು ಕೇಸು. ಆಮೇಲೆ ಊರ ಹಿರಿಯರು ಬಂದು ‘ಅವ್ರದೂ ತಗೀತಾರ, ನಿಮ್ದೂ ತಗೀರಿ’ ಅಂತಾರೆ. ರಾಜಿಯಾಗುತ್ತದೆ. ಆ ರಾಜಿಯಲ್ಲಿ ಹೊಲದ ಕೂಲಿ ಇದೆ, ಅಂಗಡಿಯ ಉದ್ರಿ ಇದೆ, ಭಯ ಇದೆ. ಅವರಿಗೆ ಕಳೆದುಕೊಳ್ಳುವುದು ಏನೂ ಇಲ್ಲ.

2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟರು. 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟಿತು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಏಳು ಜನ ಸತ್ತದ್ದು ಖರೆ, ಕೊಂದವರು ಯಾರೂ ಇಲ್ಲ. ಅದೇ 2014ರ ಆಗಸ್ಟ್ 28ರಂದು ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಕೇರಿಗೆ ನುಗ್ಗಿ ಗುಡಿಸಲು ಸುಟ್ಟರು. ಕ್ಷೌರದಂಗಡಿ, ಹೊಟೇಲಿನ ಪ್ರವೇಶದ ತಕರಾರು ಅದರ ಹಿಂದೆ ಇತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಇಡೀ ದೇಶ ತಿರುಗಿ ನೋಡಿತು. ಆದರೆ ಒಂದು ತಿಂಗಳೊಳಗೆ ಧಾರವಾಡದ ಪೀಠ ಅವರಲ್ಲಿ ಬಹುತೇಕ ಎಲ್ಲರಿಗೂ ಜಾಮೀನು ಕೊಟ್ಟಿತು. ಆರೋಪಪಟ್ಟಿ ಬಂದ ಎರಡು ತಿಂಗಳಲ್ಲಿ ಆದಷ್ಟು ಮಟ್ಟಿಗೆ ವಿಚಾರಣೆ ಮುಗಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಮರಕುಂಬಿಗೆ ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷ ಅದೇ ಊರಿನಲ್ಲಿ ಬದುಕಿ, ಸಾಕ್ಷಿ ಕಟ್ಟೆಗೆ ಹತ್ತಿ ಬೆರಳು ಮಾಡಿ ತೋರಿಸಿದ ಜನಕ್ಕೆ ಧೈರ್ಯ ಎಲ್ಲಿಂದ ಬಂತು? ಹಾಸ್ಟೆಲಿನಲ್ಲಿ ಒಂದು ಸಂಜೆ ಕೂತು ಇದೊಂದೇ ವಿಷಯ ಚರ್ಚೆ ಮಾಡ್ರಿ.

ನೀರಿನ ಮೇಲೆ ನಮ್ಮದೇ ರಾಜ್ಯದ ಒಂದು ಖಟ್ಲೆ ಇದೆ, ಕಾನೂನಿನ ಪುಸ್ತಕಗಳಲ್ಲಿ ಇಂಗಳೆ ಪ್ರಕರಣ ಅಂತ ಬರುತ್ತದೆ. ಹೊಸದಾಗಿ ತೋಡಿದ ಬೋರ್‌ವೆಲ್ಲಿನಿಂದ ನೀರು ತರಲು ಹೋದ ದಲಿತರನ್ನು ಹೆದರಿಸಿ ತಡೆದರು. ಕೆಳಗಿನ ಎರಡು ಕೋರ್ಟುಗಳು ತಪ್ಪು ಅಂದವು, ಹೈಕೋರ್ಟು ಬಿಟ್ಟುಬಿಟ್ಟಿತು, 1992ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನದೇ ತಪ್ಪು ಅಂದಿತು. ಮಹಾಡದಿಂದ 65 ವರ್ಷ. ಕೆರೆ ಹೋಗಿ ಬೋರು ಬಂತು, ತಡೆಯುವವರು ಅವರೇ.

1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ನಮ್ಮವರಿಗೆ ಮಲ ತಿನ್ನಿಸಿದರು. ಆಗ ನಾಡಿನ ದಲಿತ ಚಳವಳಿ ಎದ್ದು ನಿಂತಿತು. ಎರಡು ವರ್ಷದ ನಂತರ ಬಂದ 1989ರ ದೌರ್ಜನ್ಯ ತಡೆ ಕಾಯ್ದೆ ತೆಗೆದು ನೋಡ್ರಿ. ಅದರಲ್ಲಿ ಮೊಟ್ಟಮೊದಲು ಹೆಸರಿಸಿದ ಅಪರಾಧವೇ ತಿನ್ನಬಾರದ, ಅಸಹ್ಯವಾದ ವಸ್ತುವನ್ನು ತಿನ್ನಿಸುವುದು. ಹೆಣ್ಣುಮಕ್ಕಳನ್ನು ದೇವದಾಸಿ ಬಿಡುವುದು ಈಗ ಅದೇ ಪಟ್ಟಿಯಲ್ಲಿ ಸೇರಿದೆ. ಕಾನೂನಿನ ಪುಸ್ತಕ ನಮಗೆ ಪರಕೀಯ ಅಂತ ಯಾರು ಹೇಳಿದರು? ನಮ್ಮ ಮೈಮೇಲಿನ ಗಾಯಗಳನ್ನೇ ಅಲ್ಲಿ ಕಲಂ ಮಾಡಿ ಇಟ್ಟಿದ್ದಾರೆ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯ ಹಲ್ಲು ಕಿತ್ತಾಗ ಏಪ್ರಿಲ್ 2ಕ್ಕೆ ದೇಶ ಬಂದ್ ಆಯಿತು, ಜನ ಸತ್ತರು, ಪಾರ್ಲಿಮೆಂಟು 18-ಎ ಸೇರಿಸಿತು, 2020ರಲ್ಲಿ ಕೋರ್ಟು ಅದನ್ನು ಒಪ್ಪಿತು.

ಈಗ ಸಣ್ಣ ಪ್ರಶ್ನೆಗೆ ಬರತೇನಿ. ಓದುವುದು ಹೇಗೆ? ಹುಬ್ಬಳ್ಳಿಯ ನವನಗರದಲ್ಲಿ 2009ರಿಂದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ. ಡಿಗ್ರಿ ಆದವರಿಗೆ ಮೂರು ವರ್ಷ, ಪಿ.ಯು.ಸಿ. ಆದವರಿಗೆ ಐದು ವರ್ಷ. ಬಾರ್ ಕೌನ್ಸಿಲಿನ ನಿಯಮದಂತೆ ಪರಿಶಿಷ್ಟರಿಗೆ 40 ಪರ್ಸೆಂಟ್ ಇದ್ದರೆ ಸಾಕು. ಇಂಗ್ಲಿಷಿಗೆ ಹೆದರಿ ಹಿಂದೆ ಸರಿಯುವವರಿಗೆ ಹೇಳತೇನಿ, ಅಲ್ಲಿಯ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ, ಉತ್ತರ ಪೂರಾ ಕನ್ನಡದಲ್ಲೇ ಬರೆಯಬಹುದು. ಹಾಗಂತ ಇಂಗ್ಲಿಷ್ ಬಿಡಬೇಡಿ. ಹೈಕೋರ್ಟಿನ ತೀರ್ಪುಗಳು ಅದರಲ್ಲೇ ಇರುತ್ತವೆ. ದಿನಕ್ಕೆ ಒಂದು ಪುಟ ತೀರ್ಪು, ನಿಘಂಟು ಇಟ್ಟುಕೊಂಡು, ಇಬ್ಬರು ಕೂಡಿ ಓದ್ರಿ. ಆರು ತಿಂಗಳಲ್ಲಿ ಹೆದರಿಕೆ ಹೋಗುತ್ತದೆ. ಬರೀ ಮಾನವ ಹಕ್ಕು ಓದಬೇಕೆನ್ನುವ ನೌಕರರಿಗೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲು ದೂರಶಿಕ್ಷಣದಲ್ಲಿ ಡಿಪ್ಲೊಮಾ ನಡೆಸುತ್ತಾ ಬಂದಿದೆ.

ಸನದು ಪಡೆಯುವಾಗಿನ ಖರ್ಚು ನಮ್ಮ ಎಷ್ಟೋ ಹುಡುಗರನ್ನು ತಡೆದಿತ್ತು, ಕೆಲವರು ಸಾಲ ಮಾಡಿ ಕರಿ ಕೋಟು ಹಾಕಿಕೊಂಡರು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಹೇಳಿತು: ನೋಂದಣಿ ಶುಲ್ಕ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ, ಬ್ಯಾರೆ ಬ್ಯಾರೆ ಹೆಸರಿನಲ್ಲಿ ಹೆಚ್ಚಿಗೆ ಕೇಳಬಾರದು. ಯಾರಾದರೂ ಕೇಳಿದರೆ ಈ ತೀರ್ಪಿನ ಹೆಸರು ಹೇಳ್ರಿ, ಗೌರವ್ ಕುಮಾರ್ ಪ್ರಕರಣ. ಹೊಸ ವಕೀಲರಿಗೆ ಸಮಾಜ ಕಲ್ಯಾಣ ಇಲಾಖೆಯ ತರಬೇತಿ ಭತ್ಯೆಯ ಬಗ್ಗೆ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸ್ರಿ.

ಹೊಟ್ಟೆಪಾಡು? ಮೊದಲ ಐದು ವರ್ಷ ಕಷ್ಟ, ಸುಳ್ಳು ಹೇಳುವುದಿಲ್ಲ. ಹಿರಿಯ ವಕೀಲರ ಚೀಲ ಹಿಡಿಯಬೇಕು, ಅವರ ಮನೆಯ ಜಗಲಿಯಲ್ಲಿ ಕಾಯಬೇಕು, ಕೆಲವೊಮ್ಮೆ ಅಲ್ಲೂ ನಿಮ್ಮ ಜಾತಿ ಕೇಳುತ್ತಾರೆ. ಎಲ್ಲರೂ ಕೋರ್ಟಿಗೇ ಹೋಗಬೇಕಾಗಿಲ್ಲ. ಕಾನೂನು ಓದಿದವನು ಪಿ.ಡಿ.ಓ. ಆದರೂ ಉಪಯೋಗ, ಪಿ.ಎಸ್.ಐ. ಆದರೆ ಇನ್ನೂ ಉಪಯೋಗ. ಆದರೆ ಹತ್ತು ಜನರಲ್ಲಿ ಇಬ್ಬರಾದರೂ ಶಿಗ್ಗಾಂವಿ, ಸವಣೂರು, ಹಾವೇರಿ ಕೋರ್ಟಿನಲ್ಲಿ ನಿಲ್ಲಬೇಕು. ದೌರ್ಜನ್ಯ ಖಟ್ಲೆ ನಡೆಸಲು ಏಳು ವರ್ಷ ಅನುಭವ ಇದ್ದ ವಕೀಲರ ಪಟ್ಟಿಯನ್ನು ಜಿಲ್ಲೆಗೆ ಮಾಡಬೇಕೆಂದು ನಿಯಮ ಇದೆ. ನೊಂದವರು ಬಯಸಿದರೆ ತಮಗೆ ನಂಬಿಕೆ ಇರುವ ಹಿರಿಯ ವಕೀಲರನ್ನು ನೇಮಿಸಿ ಅಂತ ಜಿಲ್ಲಾಧಿಕಾರಿಯನ್ನು ಕೇಳಬಹುದು. ಕೇಳಿದಾಗ ಬರೆದುಕೊಡಲು ನಮ್ಮ ಹತ್ತಿರ ಹೆಸರು ಬೇಕಲ್ಲ! ಇವತ್ತು ಎಲ್‌ಎಲ್.ಬಿ. ಸೇರಿದವನು ಆ ಪಟ್ಟಿಗೆ ಬರಲು ಹತ್ತು ವರ್ಷ ಬೇಕು. ಅದಕ್ಕೇ ಇವತ್ತೇ ಸೇರಬೇಕು.

ಅಲ್ಲಿಯವರೆಗೆ ಸುಮ್ಮನೆ ಕೂಡಬೇಕಾಗಿಲ್ಲ. ಪರಿಶಿಷ್ಟರಿಗೆ ಮತ್ತು ಎಲ್ಲ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಪುಕ್ಕಟೆ ವಕೀಲರು ಸಿಗಬೇಕೆಂದು 1987ರ ಕಾನೂನು ಸೇವಾ ಕಾಯ್ದೆ ಹೇಳುತ್ತದೆ, ಅರ್ಜಿ ಕೊಡುವುದು ತಾಲ್ಲೂಕು ಕೋರ್ಟಿನಲ್ಲೇ ಇರುವ ಸಮಿತಿಗೆ. ಪ್ರತಿ ಹಾಸ್ಟೆಲಿನಲ್ಲಿ ಇಬ್ಬರು ಈ ಕೆಲಸ ವಹಿಸಿಕೊಳ್ಳಿ. ದೌರ್ಜನ್ಯ ಕಾಯ್ದೆ ಮತ್ತು 1995ರ ನಿಯಮಗಳು, ಎರಡರದ್ದೂ ಕನ್ನಡ ಪ್ರತಿ ಇಟ್ಟುಕೊಳ್ಳಿ. ಊರಿಗೆ ಹೋದಾಗ ನಡೆದ ಘಟನೆಗಳನ್ನು ತಾರೀಖು, ಜಾಗ, ನೋಡಿದವರ ಹೆಸರು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇದಕ್ಕೆ ಡಿಗ್ರಿ ಬೇಕಾಗಿಲ್ಲ.

ನಾನು ಬಹಳ ಮಾತಾಡಿದೆ, ಊಟದ ಹೊತ್ತಾಯಿತು. ಆದರೂ ಪ್ರಶ್ನೆ ಕೇಳ್ರಿ. ಹಿಂದೆ ಕೂತ ತಂಗಿಯರು ಮೊದಲು.